ಬೆಂಕಿ ಹಚ್ಚುವ ಮೊದಲು ನೋಡಿ: ಅದು ಜೇನೋ, ಕಣಜವೋ?



ಒಂದು ಸಂಘದ ವಾರದ ಸಭೆಗೆ ಹೋಗಿದ್ದಾಗ ಕೇಳಿದ ಎರಡು ಸಂಗತಿಗಳನ್ನು ನಿಮಗೆ ಮೊದಲು ಹೇಳುತ್ತೇವೆ. ಉಳಿತಾಯದ ಹಣ ಎಣಿಸಿ ಪುಸ್ತಕದಲ್ಲಿ ಬರೆದಾದ ಮೇಲೆ ಮಾತು ಅಲ್ಲಿ ಇಲ್ಲಿ ಸುತ್ತಿ ಹುಳಗಳ ಕಡೆಗೆ ತಿರುಗಿತು.

ಒಬ್ಬ ಸದಸ್ಯೆಯ ಮನೆಯ ಹಿಂಬದಿ ಹಳೆಯ ಮಣ್ಣಿನ ಗೋಡೆ. ಗೋಡೆಯ ಒಂದು ಬಿರುಕಿನಲ್ಲಿ ಹುಳಗಳು ಹೋಗುತ್ತಾ ಬರುತ್ತಾ ಇದ್ದವು. "ಕಣಜ ಸೇರಿಕೊಂಡಿದೆ, ಮಕ್ಕಳಿಗೆ ಕಚ್ಚಿದರೆ ಕಷ್ಟ" ಅಂತ ಹೆದರಿ ಅವರು ರಾತ್ರಿ ಸೀಮೆಎಣ್ಣೆ ಸುರಿದು ಬೆಂಕಿ ಕೊಟ್ಟರು. ಬೆಳಿಗ್ಗೆ ನೋಡಿದರೆ ಗೋಡೆಯ ಬುಡದಲ್ಲಿ ಸಾವಿರಾರು ಹುಳ ಸತ್ತು ಬಿದ್ದಿವೆ, ಬಿರುಕಿನಿಂದ ಜೇನುತುಪ್ಪ ಇಳಿಯುತ್ತಾ ಇದೆ. ಪಕ್ಕದ ಮನೆಯ ಅಜ್ಜಿ ಬಂದು, "ಅಯ್ಯೋ ಮಗಾ, ಇದು ತುಡುವೆ ಅಲ್ವಾ! ಪೆಟ್ಟಿಗೆಗೆ ಕೂರಿಸ್ಬಹುದಿತ್ತು" ಅಂದರಂತೆ.

ಇನ್ನೊಬ್ಬರದ್ದು ಇದಕ್ಕೆ ತದ್ವಿರುದ್ಧ. ಸೌದೆಗೆ ಹೋಗಿದ್ದಾಗ ಮರದ ಕೊಂಬೆಯಲ್ಲಿ ಮಡಕೆಯ ಹಾಗೆ ದುಂಡಗೆ ಏನೋ ನೇತಾಡುತ್ತಾ ಇತ್ತು. "ಜೇನು, ಜೇನು" ಅಂತ ಜೊತೆಗಿದ್ದ ಹುಡುಗರು ಕಲ್ಲು ಹೊಡೆದರು. ಹೊರಗೆ ಬಂದದ್ದು ಜೇನಲ್ಲ, ದೊಡ್ಡ ಕಣಜ. ಹುಡುಗರು ಓಡಿದರು, ತಲೆಯ ಮೇಲೆ ಸೌದೆ ಹೊರೆ ಇದ್ದ ಆ ತಾಯಿಗೆ ಓಡಲಿಕ್ಕೆ ಆಗಲಿಲ್ಲ. ಹನ್ನೊಂದು ಕಡೆ ಕಚ್ಚಿ, ಎರಡು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಊದಿದ ಬೆರಳಿನಿಂದ ಮದುವೆಯ ಉಂಗುರವನ್ನು ಕತ್ತರಿಸಿ ತೆಗೆಯಬೇಕಾಯಿತು.

ಒಬ್ಬರು ಜೇನನ್ನು ಕಣಜ ಅಂದುಕೊಂಡು ಸುಟ್ಟರು. ಇನ್ನೊಂದು ಕಡೆ ಕಣಜವನ್ನು ಜೇನು ಅಂದುಕೊಂಡು ಕೆಣಕಿದರು. ಎರಡು ಕಡೆಯೂ ತಪ್ಪು ಒಂದೇ: ಕೈ ಹಾಕುವ ಮೊದಲು ಅದು ಯಾರು ಎಂದು ನೋಡಲಿಲ್ಲ. ಹಾಗಾದರೆ ನೋಡುವುದು ಹೇಗೆ? ಇದನ್ನೇ ಈ ಸಲ ತಿಳಿದುಕೊಳ್ಳೋಣ.

ಬಣ್ಣ ನಂಬಬೇಡಿ

ಕಣಜ ಅಂದರೆ ಇಲ್ಲಿ ಭತ್ತ ತುಂಬುವ ಕಣಜ ಅಲ್ಲ. ಕೆಲವು ಊರುಗಳಲ್ಲಿ ಕಡಜ ಅಂತಲೂ ಕರೆಯುತ್ತಾರಲ್ಲ, ಆ ಹುಳ. ಜೇನು ಮತ್ತು ಕಣಜ ಒಂದೇ ಮನೆತನದವು. ಬಹಳ ಹಿಂದಿನ ಕಾಲದಲ್ಲಿ ಕಣಜದ ಒಂದು ಕವಲು ಬೇಟೆ ಬಿಟ್ಟು ಹೂವಿನ ಪರಾಗ ತಿನ್ನಲು ಶುರು ಮಾಡಿತು, ಅದೇ ಜೇನು ಆಯಿತು ಎಂದು ವಿಜ್ಞಾನಿಗಳು ಹೇಳುತ್ತಾರೆ. ಹಾಗಾಗಿ ನೋಡಲಿಕ್ಕೆ ಹೋಲಿಕೆ ಇದ್ದೇ ಇದೆ. ಹಳದಿ-ಕಪ್ಪು ಪಟ್ಟೆ ಜೇನಿಗೂ ಉಂಟು, ಕಣಜಕ್ಕೂ ಉಂಟು. ಬಣ್ಣ ಒಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. ಬದಲಿಗೆ ಈ ಗುರುತುಗಳನ್ನು ನೋಡಿ:

1. ಮೈ: ಜೇನಿನ ಮೈಮೇಲೆ, ಮುಖ್ಯವಾಗಿ ಎದೆಯ ಭಾಗದಲ್ಲಿ, ಸಣ್ಣ ರೋಮ ಇರುತ್ತದೆ. ಹೂವಿನ ಪುಡಿ ಅಂಟಿಕೊಳ್ಳಲು ಅದು ಬೇಕು. ಕಣಜದ ಮೈ ಎಣ್ಣೆ ಹಚ್ಚಿದ ಹಾಗೆ ನುಣುಪು, ಹೊಳಪು.

2. ಸೊಂಟ: ಜೇನು ಸ್ವಲ್ಪ ದುಂಡಗೆ, ತುಂಬಿದ ಮೈ. ಕಣಜಕ್ಕೆ ಸಪೂರ ಸೊಂಟ. ಕೆಲವಕ್ಕಂತೂ ನೂಲು ಕಟ್ಟಿದಷ್ಟೇ ಸಪೂರ.

3. ಕಾಲು: ಜೇನಿನ ಹಿಂದಿನ ಕಾಲು ಚಪ್ಪಟೆ. ಹೂವಿನಿಂದ ಬರುವಾಗ ಅದರಲ್ಲಿ ಹಳದಿ ಅಥವಾ ಕೇಸರಿ ಉಂಡೆ ಅಂಟಿಕೊಂಡಿರುವುದು ಕಾಣುತ್ತದೆ, ಅದು ಪರಾಗ. ಕಣಜದ ಕಾಲು ಕಡ್ಡಿಯ ಹಾಗೆ ಉದ್ದ, ಹಾರುವಾಗ ಕೆಳಗೆ ನೇತಾಡುತ್ತದೆ.

4. ರೆಕ್ಕೆ: ಮಾಡಿನ ಕೆಳಗೆ ಗೂಡು ಕಟ್ಟುವ ಕಣಜ ಕೂತಾಗ ರೆಕ್ಕೆಯನ್ನು ಸೀರೆ ಮಡಚಿದ ಹಾಗೆ ಉದ್ದಕ್ಕೆ ಮಡಚಿ ಇಡುತ್ತದೆ. ಜೇನು ಹಾಗೆ ಮಡಚುವುದಿಲ್ಲ.

5. ಊಟ: ಜೇನು ಶುದ್ಧ ಸಸ್ಯಾಹಾರಿ, ಮಕರಂದ ಮತ್ತು ಪರಾಗವೇ ಅದರ ಊಟ. ಕಣಜ ತಾನು ಸಿಹಿ ಕುಡಿದರೂ ಮರಿಗಳಿಗೆ ಮಾಂಸವೇ ಬೇಕು. ಮೀನು ಕೊಯ್ಯುವಲ್ಲಿ ಬಂದು ಚೂರು ಕತ್ತರಿಸಿಕೊಂಡು ಹೋಗುವುದು, ತರಕಾರಿ ಗಿಡದ ಎಲೆಯ ಮೇಲೆ ಹುಳ ಹುಡುಕುತ್ತಾ ತಿರುಗುವುದು ಕಣಜ. ಹಲಸಿನ ಹಣ್ಣು, ಬೆಲ್ಲದ ಪಾಕಕ್ಕೆ ಮಾತ್ರ ಇಬ್ಬರೂ ಬರುತ್ತಾರೆ.

ಹೂವಿನ ಎದುರು ಗಾಳಿಯಲ್ಲಿ ಅಲುಗದೆ ನಿಂತು, ಫಕ್ಕನೆ ಪಕ್ಕಕ್ಕೆ ಸರಿಯುವ ಪಟ್ಟೆಯ ಹುಳವನ್ನೂ ನೀವು ನೋಡಿರಬಹುದು. ಅದು ಜೇನೂ ಅಲ್ಲ, ಕಣಜವೂ ಅಲ್ಲ, ಜೇನಿನ ವೇಷ ಹಾಕಿದ ಒಂದು ಜಾತಿಯ ನೊಣ. ದೊಡ್ಡ ಕಣ್ಣು, ನಾಲ್ಕರ ಬದಲು ಎರಡೇ ರೆಕ್ಕೆ. ಅದಕ್ಕೆ ಮುಳ್ಳೇ ಇಲ್ಲ.

ದೂರದಿಂದ ನೋಡಿದರೆ ಗೂಡೇ ಗುರುತು

ಹುಳದ ಸೊಂಟ ನೋಡಲು ಹತ್ತಿರ ಹೋಗಬೇಕಾಗಿಲ್ಲ. ದೂರದಿಂದ ಗೂಡು ನೋಡಿದರೆ ಸಾಕು, ಎಲ್ಲಕ್ಕಿಂತ ಸುಲಭದ ಗುರುತು ಅದೇ. ನೆನಪಿಡಲು ಮೂರು ಮಾತು: ಮೇಣವಾದರೆ ಜೇನು, ಕಾಗದವಾದರೆ ಕಣಜ, ಮಣ್ಣಾದರೆ ಹೆಚ್ಚಾಗಿ ಒಂಟಿ ಕಣಜ.

ಜೇನು ತನ್ನ ಮೈಯಿಂದಲೇ ಮೇಣ ಸುರಿಸಿ ಎರಿ ಕಟ್ಟುತ್ತದೆ. ಎರಿ ಬಾಗಿಲಿನ ಪರದೆಯ ಹಾಗೆ ನೇರ ಇಳಿಬಿದ್ದಿರುತ್ತದೆ, ಎರಡೂ ಬದಿಯಲ್ಲಿ ಕೋಣೆಗಳಿರುತ್ತವೆ. ಕಣಜ ಒಣ ಮರ, ಬೇಲಿಯ ಗೂಟ ಕೆರೆದು, ಜಗಿದು, ಎಂಜಲು ಸೇರಿಸಿ ಕಾಗದ ಮಾಡುತ್ತದೆ. ಅದರ ಗೂಡು ಬೂದಿ ಅಥವಾ ಕಂದು ಬಣ್ಣದ ಒಣ ಕಾಗದದ ಹಾಗೆ, ಕೋಣೆಗಳ ಬಾಯಿ ಸಾಮಾನ್ಯವಾಗಿ ಕೆಳಮುಖ. ಅದರಲ್ಲಿ ಕೂಡಿಟ್ಟ ಜೇನುತುಪ್ಪ ಸಿಗುವುದಿಲ್ಲ. "ತುಪ್ಪ ಸಿಗಬಹುದು" ಎಂದು ಕಣಜದ ಗೂಡಿಗೆ ಕೋಲು ಹಾಕಿದವರಿಗೆ ಸಿಕ್ಕುವುದು ಕಡಿತ ಮಾತ್ರ.

ನಮ್ಮ ಮನೆ ಸುತ್ತಲಿನ ಜೇನುಗಳು

ಹೆಜ್ಜೇನು: ದೊಡ್ಡ ಮರ, ಬಂಡೆ, ನೀರಿನ ಟ್ಯಾಂಕಿ, ಶಾಲೆಯ ಕಟ್ಟಡ, ಎತ್ತರದ ಮಾಡಿನ ಕೆಳಗೆ ಬಯಲಲ್ಲೇ ಒಂದೇ ದೊಡ್ಡ ಎರಿ ಕಟ್ಟುತ್ತದೆ. ಎರಿ ಒಂದು ಮೀಟರ್ ಅಗಲಕ್ಕೂ ಬೆಳೆಯಬಹುದು. ಹತ್ತಾರು ಸಾವಿರ ಹುಳಗಳು ಕಪ್ಪು ಕಂಬಳಿಯ ಹಾಗೆ ಅದನ್ನು ಮುಚ್ಚಿರುತ್ತವೆ. ತಂಟೆ ಮಾಡದಿದ್ದರೆ ತನ್ನ ಪಾಡಿಗೆ ಇರುತ್ತದೆ. ಹೊಗೆ, ಪಟಾಕಿ, ಕಲ್ಲು, ಗಿಡುಗ ಇವುಗಳಿಂದ ಎದ್ದರೆ ಗುಂಪಾಗಿ ಬೆನ್ನಟ್ಟುತ್ತದೆ. ನಮ್ಮ ಜೇನುಗಳಲ್ಲಿ ನಿಜವಾಗಿ ಹೆದರಬೇಕಾದದ್ದು ಇದೊಂದಕ್ಕೆ. ಇದು ಅಲೆಮಾರಿ ಜೇನು. ಹೂವಿನ ಕಾಲಕ್ಕೆ ಬರುತ್ತದೆ, ಕಾಲ ಮುಗಿದಾಗ ತಾನಾಗಿಯೇ ಎರಿ ಬಿಟ್ಟು ಹೋಗುತ್ತದೆ.

ತುಡುವೆ: ಗೋಡೆಯ ಪೊಟರೆ, ಮರದ ಟೊಳ್ಳು, ಹುತ್ತ, ಹಳೆ ಪೆಟ್ಟಿಗೆಯ ಒಳಗೆ ಕತ್ತಲಲ್ಲಿ ಇರುತ್ತದೆ. ಒಂದರ ಪಕ್ಕ ಒಂದು ಅಂತ ಹಲವು ಎರಿ ಕಟ್ಟುತ್ತದೆ. ಹೊರಗೆ ಒಂದು ಸಣ್ಣ ಬಾಯಿ, ಅಲ್ಲಿ ಹುಳಗಳ ಹೋಗುವಿಕೆ-ಬರುವಿಕೆ ಮಾತ್ರ ಕಾಣುತ್ತದೆ. ಮೇಲೆ ಹೇಳಿದ ಸದಸ್ಯೆಯ ಗೋಡೆಯಲ್ಲಿ ಇದ್ದದ್ದು ಇದೇ. ಸಾಧು ಸ್ವಭಾವ, ಪೆಟ್ಟಿಗೆಯಲ್ಲಿ ಸಾಕಬಹುದು.

ಕೋಲು ಜೇನು: ಕಡ್ಡಿ ಜೇನು ಎಂದೂ ಹೇಳುತ್ತಾರೆ. ಬೇಲಿ, ಪೊದೆ, ದಾಸವಾಳದ ಗಿಡದ ಕಡ್ಡಿಗೆ ಅಂಗೈಯಷ್ಟು ಅಗಲದ ಒಂದೇ ಎರಿ. ಸಣ್ಣ ಹುಳ.

ಮುಜಂಟಿ: ಮಿಸ್ರಿ, ನಸರಿ ಅಂತಲೂ ಕರೆಯುತ್ತಾರೆ. ಸೊಳ್ಳೆಗಿಂತ ದೊಡ್ಡದೇನಲ್ಲ, ಕಪ್ಪು. ಗೋಡೆಯ ಬಿರುಕು, ಬಿದಿರಿನ ಗಳ, ಬೀಗದ ತೂತಿನಲ್ಲೂ ಮನೆ ಮಾಡುತ್ತದೆ. ಬಾಗಿಲಲ್ಲಿ ಅಂಟಿನ ಸಣ್ಣ ಕೊಳವೆ ಕಂಡರೆ ಅದು ಮುಜಂಟಿ. ಇದಕ್ಕೆ ಚುಚ್ಚಲು ಬರುವುದಿಲ್ಲ. ಗೂಡು ಕೆದಕಿದರೆ ತಲೆಗೂದಲಿಗೆ ಸಿಕ್ಕಿಕೊಂಡು ಸ್ವಲ್ಪ ಕಚ್ಚಬಹುದು, ಅಷ್ಟೇ. ಇದರ ತುಪ್ಪ ಸ್ವಲ್ಪ, ರುಚಿ ಸ್ವಲ್ಪ ಹುಳಿ. ಹಳ್ಳಿಮದ್ದಿಗೆ ಹಿರಿಯರು ಇದನ್ನೇ ಹುಡುಕುತ್ತಿದ್ದರು.

ಕಪ್ಪು ದುಂಬಿ: ಹೆಬ್ಬೆರಳಿನ ತುದಿಯಷ್ಟು ದೊಡ್ಡದು, ರೆಕ್ಕೆಯಲ್ಲಿ ನೀಲಿ ಹೊಳಪು, ವಿಮಾನದ ಹಾಗೆ ಸದ್ದು. ಮಾಡಿನ ಪಕ್ಕಾಸು, ಒಣ ಬಿದಿರಿನಲ್ಲಿ ದುಂಡಗೆ ತೂತು ಕೊರೆಯುತ್ತದೆ, ಕೆಳಗೆ ಮರದ ಹುಡಿ ಬಿದ್ದಿರುತ್ತದೆ. ಇದೂ ಜೇನಿನ ಬಳಗವೇ, ಆದರೆ ತುಪ್ಪ ಕೂಡಿಡುವುದಿಲ್ಲ. ಸದ್ದು ಕೇಳಿ ಹೆದರಬೇಡಿ. ಕೈಯಲ್ಲಿ ಹಿಡಿದು ಹಿಂಸೆ ಮಾಡದಿದ್ದರೆ ಚುಚ್ಚುವುದು ಬಹಳ ಅಪರೂಪ.

ನಮ್ಮ ಮನೆ ಸುತ್ತಲಿನ ಕಣಜಗಳು

ಕಾಗದದ ಗೂಡಿನ ಕಣಜ: ಮಾಡಿನ ಅಂಚು, ಕಿಟಕಿಯ ಮೂಲೆ, ಕೊಟ್ಟಿಗೆಯ ಪಕ್ಕಾಸಿನಲ್ಲಿ ಸಣ್ಣ ಕಾಂಡಕ್ಕೆ ಅಂಟಿಸಿದ ತೆರೆದ ಗೂಡು. ಒಳಗಿನ ಕೋಣೆಗಳು ಹೊರಗೇ ಕಾಣುತ್ತವೆ. ಕಣಜದಲ್ಲಿ ಏನುಂಟು ನೋಡಲಿಕ್ಕೆ ಅಂತ ಕೇಳಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಎಂಬ ವಿಜ್ಞಾನಿ ಇಂಥ ಒಂದು ಜಾತಿಯ ಕಣಜವನ್ನು ದಶಕಗಳ ಕಾಲ ಅಭ್ಯಾಸ ಮಾಡಿದ್ದಾರೆ. ಒಂದೊಂದು ಹುಳಕ್ಕೂ ಬಣ್ಣದ ಚುಕ್ಕೆ ಇಟ್ಟು ಗುರುತು ಮಾಡಿ ಯಾವುದು ಏನು ಮಾಡುತ್ತದೆ ಎಂದು ನೋಡಿದರು. ಆ ಗೂಡಿನ ರಾಣಿ ಯಾರ ಮೇಲೂ ಜೋರು ಮಾಡುವುದಿಲ್ಲವಂತೆ. ರಾಣಿ ಇಲ್ಲವಾದರೆ ಕೆಲಸದ ಹುಳಗಳಲ್ಲೇ ಒಂದು ಮುಂದೆ ಬರುತ್ತದೆ, ಉಳಿದವು ಅದನ್ನು ಒಪ್ಪಿಕೊಳ್ಳುತ್ತವೆ. ನಮ್ಮ ಸಂಘದಲ್ಲಿ ಅಧ್ಯಕ್ಷೆ ಬದಲಾಗುವಾಗ ಇಷ್ಟು ಸಲೀಸಾಗಿ ಆಗುತ್ತದಾ, ನೀವೇ ಹೇಳಿ!

ದೊಡ್ಡ ಕಣಜ: ಕಪ್ಪು ಮೈ, ಹೊಟ್ಟೆಯ ಮೇಲೆ ಅಗಲದ ಹಳದಿ ಅಥವಾ ಕಿತ್ತಳೆ ಪಟ್ಟಿ. ಗೂಡಿಗೆ ಹೊರಗಿನಿಂದ ಕಾಗದದ ಹೊದಿಕೆ ಇರುತ್ತದೆ, ಮಡಕೆ ಅಥವಾ ದೊಡ್ಡ ತೆಂಗಿನಕಾಯಿಯ ಹಾಗೆ ಕಾಣುತ್ತದೆ, ಒಂದು ಬಾಯಿ ಮಾತ್ರ. ಮರದಲ್ಲಿ, ಮಾಡಿನಲ್ಲಿ, ಕೆಲವೊಮ್ಮೆ ನೆಲದ ಪೊಟರೆಯಲ್ಲೂ ಇರುತ್ತದೆ. ಜೇನು ಪೆಟ್ಟಿಗೆಯ ಬಾಗಿಲಲ್ಲಿ ಕಾದು ನಿಂತು ಹುಳ ಹಿಡಿಯುವುದೂ ಇದೇ ಬಳಗ. ಇದರ ಗೂಡಿಗೆ ಯಾವ ಕಾರಣಕ್ಕೂ ಕೈ ಹಾಕಬಾರದು. ಸೌದೆಗೆ ಹೋದವರಿಗೆ ಕಚ್ಚಿದ್ದು ಇದು.

ಮಣ್ಣಿನ ಗೂಡಿನ ಕಣಜ: ಗೋಡೆ, ಬಾಗಿಲ ಮೂಲೆ, ದೇವರ ಪಟದ ಹಿಂದೆ, ಸ್ವಿಚ್ ಬೋರ್ಡಿನ ಬದಿಯಲ್ಲಿ ಹಸಿ ಮಣ್ಣು ತಂದು ಮೆತ್ತುತ್ತದೆ. ಒಂದು ಜಾತಿ ಕುಂಬಾರ ಮಾಡಿದ ಹಾಗೆ ಪುಟ್ಟ ಮಡಕೆ ಮಾಡುತ್ತದೆ. ಇನ್ನೊಂದು ಕೊಳವೆಗಳ ಸಾಲು ಮೆತ್ತುತ್ತದೆ, ಅದರ ಸೊಂಟ ನೂಲಿನಷ್ಟು ಸಪೂರ. ಇವು ಒಂಟಿ ಜೀವಿಗಳು. ಗೂಡು ಕಾಯಲು ಸೈನ್ಯ ಇಲ್ಲದ ಕಾರಣ ನಮ್ಮ ಮೇಲೆ ಏರಿ ಬರುವುದಿಲ್ಲ.

ಕೀಟವು ಭ್ರಮರವಾಗುತ್ತದೆ ಎಂಬ ಮಾತನ್ನು ಹಿರಿಯರ ಬಾಯಲ್ಲಿ ನೀವು ಕೇಳಿರಬಹುದು. ಭ್ರಮರ ಒಂದು ಹುಳವನ್ನು ತಂದು ಮಣ್ಣಿನ ಗೂಡಿನಲ್ಲಿಟ್ಟು ಝೇಂಕರಿಸುತ್ತದೆ, ಆ ಹುಳ ಭ್ರಮರವನ್ನೇ ಧ್ಯಾನಿಸುತ್ತಾ ತಾನೂ ಭ್ರಮರವಾಗುತ್ತದೆ ಎಂದು ಹೇಳುವುದುಂಟು. ಹುಳ ಒಳಗೆ ಹೋದದ್ದೂ ನಿಜ, ಕೆಲವು ದಿನ ಬಿಟ್ಟು ಕಣಜ ಹೊರಗೆ ಬಂದದ್ದೂ ನಿಜ. ಹಿರಿಯರು ಕಣ್ಣಿಟ್ಟು ನೋಡಿದ್ದರು. ಒಳಗೆ ನಡೆದದ್ದು ಮಾತ್ರ ಬೇರೆ. ತಾಯಿ ಕಣಜ ಹುಳವನ್ನೋ ಜೇಡವನ್ನೋ ಚುಚ್ಚಿ ಅಲುಗದ ಹಾಗೆ ಮಾಡಿ ಒಳಗಿಟ್ಟು, ಜೊತೆಗೆ ಒಂದು ಮೊಟ್ಟೆ ಇಟ್ಟು ಬಾಯಿ ಮುಚ್ಚುತ್ತದೆ. ಮೊಟ್ಟೆಯೊಡೆದ ಮರಿಗೆ ಅದೇ ಬುತ್ತಿ. ತಿಂದು ಬೆಳೆದು ರೆಕ್ಕೆ ಬಂದ ಮೇಲೆ ಮಣ್ಣು ಕೊರೆದು ಹೊರಬರುತ್ತದೆ. ಮಣ್ಣಿನ ಗೂಡಿನಲ್ಲಿ ದುಂಡನೆ ತೂತು ಕಂಡರೆ ಮರಿ ಹಾರಿಹೋಗಿದೆ ಎಂದು ಅರ್ಥ. ಆಗ ಕೆರೆದು ಗೋಡೆ ಚೊಕ್ಕ ಮಾಡಬಹುದು.

ಸುಟ್ಟರೆ ನಮಗೇನು ನಷ್ಟ?

"ಎರಡೂ ಕಚ್ಚುವ ಹುಳಗಳೇ, ಎರಡನ್ನೂ ಸುಟ್ಟರೆ ಏನು?" ಎಂದು ಆ ಸಭೆಯಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕಿ ನೋಡೋಣ.

ಕುಂಬಳ, ಸೌತೆ, ಹಾಗಲದ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಮುಟ್ಟದಿದ್ದರೆ ಮಿಡಿ ಹಳದಿಯಾಗಿ ಉದುರಿಹೋಗುತ್ತದೆ. "ಹೂವು ತುಂಬಾ ಬಿಟ್ಟಿತು, ಕಾಯಿ ನಿಲ್ಲಲಿಲ್ಲ" ಎಂದು ನಾವು ಗೊಬ್ಬರವನ್ನು ಬೈಯುತ್ತೇವೆ. ಎಷ್ಟೋ ಸಲ ಕೊರತೆ ಇರುವುದು ಜೇನಿನದ್ದು. ಕುಂಬಳದ ಹೂವು ನಸುಕಿಗೆ ಅರಳಿ ಮಧ್ಯಾಹ್ನದೊಳಗೆ ಮುಚ್ಚುತ್ತದೆ, ಆ ಕೆಲವೇ ಗಂಟೆಯಲ್ಲಿ ಜೇನು ಬರಬೇಕು. ಬದನೆ, ಟೊಮೆಟೊ ಹೂವಿನ ಪುಡಿ ಉಪ್ಪಿನ ಡಬ್ಬಿಯೊಳಗೆ ಇದ್ದ ಹಾಗೆ ಇರುತ್ತದೆ, ಅಲುಗಾಡಿಸಿದರೇ ಉದುರುವುದು. ಕಪ್ಪು ದುಂಬಿಯಂಥವು ಹೂವನ್ನು ಹಿಡಿದು ಝುಂಯ್ ಎಂದು ಮೈ ನಡುಗಿಸಿ ಅದನ್ನು ಉದುರಿಸುತ್ತವೆ. ಮಲೆನಾಡಿನ ಏಲಕ್ಕಿಯ ಫಸಲಂತೂ ಜೇನನ್ನೇ ನಂಬಿದೆ.

ತುಡುವೆಯ ಬೆಲೆ ಹಿರಿಯರಿಗೆ ಗೊತ್ತು. 1910ರ ದಶಕದಲ್ಲಿ ಫಾದರ್ ನ್ಯೂಟನ್ ಎಂಬ ಕಥೋಲಿಕ ಗುರುಗಳು ದಕ್ಷಿಣ ಭಾರತದಲ್ಲಿ ನಮ್ಮ ತುಡುವೆಯ ಅಳತೆಗೆ ಹೊಂದುವ ಸಣ್ಣ ಪೆಟ್ಟಿಗೆಯನ್ನು ರೂಪಿಸಿ ಹಳ್ಳಿಯವರಿಗೆ ಜೇನು ಸಾಕಲು ಕಲಿಸಿದರು. ನ್ಯೂಟನ್ ಪೆಟ್ಟಿಗೆ ಎಂಬ ಹೆಸರು ಉಳಿದದ್ದು ಹಾಗೆ. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದಲ್ಲಿ ಎಷ್ಟೋ ಮನೆಗಳಿಗೆ ಜೇನು ಪೆಟ್ಟಿಗೆ ಆಸರೆಯಾಯಿತು. ಆದರೆ 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಆಮೇಲೆ ಕಾಡಿನಲ್ಲಿ, ಪೊಟರೆಗಳಲ್ಲಿ ರೋಗ ತಡೆದುಕೊಂಡು ಉಳಿದ ಕುಟುಂಬಗಳೇ ಆಸರೆ. ಗೋಡೆಯಲ್ಲಿ ತಾನಾಗಿ ಬಂದು ಕೂತ ತುಡುವೆ ಅಂದರೆ ಅಂಥ ಬೀಜದ ಕುಟುಂಬ. ಅದನ್ನು ಸುಡುವುದು ಬಿತ್ತನೆಯ ಭತ್ತವನ್ನು ಸುಟ್ಟ ಹಾಗೆ.

ಸರಿ, ಕಣಜದಿಂದ ಏನು ಲಾಭ? ಅದು ದುಡ್ಡಿಲ್ಲದೆ ಸಿಗುವ ಔಷಧಿ ಸಿಂಪಡಣೆ. ಒಂದು ಗೂಡಿನ ಮರಿಗಳಿಗೆ ದಿನವಿಡೀ ಹುಳ ತಂದು ಹಾಕಬೇಕು. ಅಲಸಂದೆ, ಕೋಸು, ಬದನೆಯ ಎಲೆ ತಿನ್ನುವ ಹುಳಗಳೇ ಅದರ ಬೇಟೆ. ಹಸಿರು-ನೀಲಿ ಹೊಳಪಿನ ಒಂದು ಕಣಜ ಇದೆ, ಅದು ಜಿರಳೆಯ ಮೀಸೆ ಹಿಡಿದು ದನವನ್ನು ಹಗ್ಗ ಹಿಡಿದು ಕರೆದುಕೊಂಡು ಹೋದ ಹಾಗೆ ಹೋಗುತ್ತದೆ! ಹಾಗಾಗಿ ದಾರಿಗೆ ಅಡ್ಡ ಇಲ್ಲದ ಕಣಜದ ಗೂಡನ್ನು ಬಿಟ್ಟುಬಿಡುವುದೇ ಲಾಭ.

ಗೂಡು ಕಂಡರೆ ಏನು ಮಾಡಬೇಕು?

* ಮೊದಲು ದೂರ ನಿಂತು ನೋಡಿ. ಮೇಣವೋ, ಕಾಗದವೋ, ಮಣ್ಣೋ? ತೆರೆದದ್ದೋ, ಪೊಟರೆಯೊಳಗೋ?

* ಎರಿ ಇಲ್ಲದೆ ಬರೀ ಹುಳಗಳ ಗೊಂಚಲು ಕೊಂಬೆಯಲ್ಲಿ ನೇತಾಡುತ್ತಿದ್ದರೆ, ಅದು ಹೊಸ ಮನೆ ಹುಡುಕುತ್ತಾ ವಿಶ್ರಾಂತಿಗೆ ಕೂತ ಜೇನು. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಹೋಗುತ್ತದೆ.

* ತುಡುವೆಯಾದರೆ ಜೇನು ಸಾಕುವವರಿಗೆ ಹೇಳಿ ಕಳುಹಿಸಿ. ಸಂತೋಷದಿಂದ ಬಂದು ಪೆಟ್ಟಿಗೆಗೆ ಕೂರಿಸುತ್ತಾರೆ. ನಿಮಗೇ ಸಾಕುವ ಮನಸ್ಸಿದ್ದರೆ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ತರಬೇತಿ, ಸಹಾಯಧನದ ಬಗ್ಗೆ ವಿಚಾರಿಸಿ.

* ಹೆಜ್ಜೇನಾದರೆ ಅದರ ಕೆಳಗೆ ಕಸ ಸುಡಬೇಡಿ, ಪಟಾಕಿ ಬೇಡ, ಧ್ವನಿವರ್ಧಕ ಕಟ್ಟಬೇಡಿ. ಮಕ್ಕಳಿಗೆ ಕಲ್ಲು ಹೊಡೆಯದ ಹಾಗೆ ಹೇಳಿ. ರಾತ್ರಿ ಹೊರಗಿನ ಬಲ್ಬಿಗೆ ಬರುತ್ತವೆ, ಆದ್ದರಿಂದ ಹತ್ತಿರದ ದೀಪ ಆರಿಸಿ. ಶಾಲೆ, ಅಂಗನವಾಡಿಯ ಹತ್ತಿರ ಇದ್ದರೆ ಪಂಚಾಯಿತಿಗೆ ತಿಳಿಸಿ, ಅನುಭವ ಇರುವವರಿಂದಲೇ ತೆಗೆಸಿ.

* ಬಾಗಿಲ ಮೇಲೆಯೇ ಕಾಗದದ ಗೂಡು ಶುರುವಾಗಿದ್ದರೆ ಅದು ರೂಪಾಯಿ ನಾಣ್ಯದಷ್ಟು ಇರುವಾಗಲೇ, ಹುಳ ಹೊರಗೆ ಹೋದ ಹೊತ್ತು ನೋಡಿ ಉದ್ದ ಕೋಲಿನಿಂದ ತೆಗೆದುಬಿಡಿ. ಬೆಳೆದ ಮೇಲೆ ಸಾಹಸ ಬೇಡ.

* ಹೊದಿಕೆ ಇರುವ ದೊಡ್ಡ ಗೂಡಾದರೆ ಆ ದಾರಿ ಬಿಟ್ಟು ನಡೆಯಿರಿ, ಅಕ್ಕಪಕ್ಕದವರಿಗೂ ತಿಳಿಸಿ.

* ಸೀಮೆಎಣ್ಣೆ, ಪೆಟ್ರೋಲ್ ಹಾಕಿ ಬೆಂಕಿ ಹಚ್ಚಲೇಬೇಡಿ. ಸೋಗೆಯ ಕೊಟ್ಟಿಗೆ, ಮರದ ಮಾಡು ಇದ್ದಲ್ಲಿ ಮನೆಯೇ ಹೋದೀತು.

ಹುಳಗಳು ಎದ್ದು ಬಂದರೆ ಕೈ ಬೀಸಬೇಡಿ, ಹೊಡೆಯಬೇಡಿ. ಒಂದು ಜೇನು ಚುಚ್ಚಿದ ಜಾಗದಿಂದ ಒಂದು ವಾಸನೆ ಹೊರಡುತ್ತದೆ, ಹೆಚ್ಚುಕಡಿಮೆ ಬಾಳೆಹಣ್ಣಿನ ವಾಸನೆ. "ಇಲ್ಲಿ ಚುಚ್ಚಿ" ಎಂದು ಉಳಿದ ಹುಳಗಳಿಗೆ ಅದೇ ಕರೆ. ಸೆರಗಿನಿಂದ ಮುಖ, ತಲೆ ಮುಚ್ಚಿ, ಹೊರೆ ಬಿಸಾಡಿ, ನಿಲ್ಲದೆ ಓಡಿ. ಹತ್ತಿರದ ಮನೆಯೊಳಗೆ ಹೋಗಿ ಬಾಗಿಲು ಹಾಕಿ. ಕೆರೆಗೆ ಹಾರುವುದು ಉಪಾಯವಲ್ಲ. ಹುಳಗಳು ಮೇಲೆಯೇ ಕಾಯುತ್ತವೆ, ಈಜು ಬಾರದವರ ಜೀವಕ್ಕೇ ಅಪಾಯ.

ಕಚ್ಚಿದ ಮೇಲೆ

ನಾವು ಕಚ್ಚಿತು ಅಂತ ಹೇಳಿದರೂ ಇವು ಚುಚ್ಚುವುದು ಬಾಲದ ಮುಳ್ಳಿನಿಂದ. ಹೆಣ್ಣು ಹುಳಕ್ಕೆ ಮಾತ್ರ ಮುಳ್ಳು ಇರುವುದು. ಜೇನಿನ ಮುಳ್ಳು ಗಾಳದ ಹಾಗೆ, ಹಿಂದಕ್ಕೆ ಬರುವುದಿಲ್ಲ. ಹಾಗಾಗಿ ಮುಳ್ಳು ವಿಷದ ಚೀಲದ ಸಮೇತ ನಮ್ಮ ಚರ್ಮದಲ್ಲೇ ಉಳಿಯುತ್ತದೆ, ಹುಳ ಸಾಯುತ್ತದೆ. ಕಣಜದ ಮುಳ್ಳು ಸೂಜಿಯ ಹಾಗೆ ನುಣುಪು, ಒಂದೇ ಹುಳ ಮತ್ತೆ ಮತ್ತೆ ಚುಚ್ಚಬಲ್ಲದು. ಗಾಯದಲ್ಲಿ ಮುಳ್ಳು ಕಂಡರೆ ಜೇನು, ಇಲ್ಲದಿದ್ದರೆ ಹೆಚ್ಚಾಗಿ ಕಣಜ.

1. ಮುಳ್ಳು ಇದ್ದರೆ ತಕ್ಷಣ ತೆಗೆಯಿರಿ. ಉಗುರಿನಿಂದ ಕೆರೆದು ತೆಗೆದರೂ ಆಯ್ತು, ಚಿವುಟಿ ತೆಗೆದರೂ ಆಯ್ತು. ಹುಳ ಹೋದ ಮೇಲೂ ಚೀಲ ವಿಷ ಹಾಕುತ್ತಲೇ ಇರುತ್ತದೆ. ಹೇಗೆ ತೆಗೆದಿರಿ ಎನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎನ್ನುವುದೇ ಮುಖ್ಯ.

2. ಕೈಗೆ ಕಚ್ಚಿದ್ದರೆ ಊದುವ ಮೊದಲೇ ಬಳೆ, ಉಂಗುರ ತೆಗೆದಿಡಿ. ಕತ್ತರಿಸಿದ ಆ ಉಂಗುರದ ಕತೆ ನೆನಪಿರಲಿ.

3. ಸಾಬೂನು ನೀರಿನಿಂದ ತೊಳೆದು, ತಣ್ಣೀರಿನ ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಿ.

4. ಸುಣ್ಣ, ಸೀಮೆಎಣ್ಣೆ, ಹೊಗೆಸೊಪ್ಪು ಹಚ್ಚಬೇಡಿ. ಸುಣ್ಣದಿಂದ ಚರ್ಮ ಸುಟ್ಟು ಹುಣ್ಣಾಗುವುದುಂಟು.

ಒಂದೆರಡು ಕಡಿತವಾದರೆ ಉರಿ, ಕೆಂಪು, ಊತ ಬಂದು ಕೆಲವು ದಿನದಲ್ಲಿ ಇಳಿಯುತ್ತದೆ. ಆದರೆ ಕೆಲವರ ಮೈಗೆ ಈ ವಿಷ ಆಗುವುದೇ ಇಲ್ಲ. ಅಂಥವರಿಗೆ ಒಂದೇ ಕಡಿತ ಸಾಕು. ಕೆಳಗಿನ ಯಾವುದೇ ಲಕ್ಷಣ ಕಂಡರೆ ಮನೆಮದ್ದಿಗೆ ನಿಲ್ಲದೆ 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕಿದ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ:

* ಕಚ್ಚಿದ ಜಾಗ ಬಿಟ್ಟು ಮೈಯೆಲ್ಲಾ ದದ್ದು, ತುರಿಕೆ ಏಳುವುದು
* ತುಟಿ, ನಾಲಗೆ, ಮುಖ ಊದುವುದು, ಸ್ವರ ಬದಲಾಗುವುದು
* ಉಸಿರು ಕಟ್ಟುವುದು, ಎದೆಯಲ್ಲಿ ಸುಂಯ್ ಎಂಬ ಸದ್ದು
* ವಾಂತಿ, ತಲೆ ತಿರುಗುವುದು, ಪ್ರಜ್ಞೆ ತಪ್ಪುವುದು

ಇವು ಹೆಚ್ಚಾಗಿ ಕೆಲವೇ ನಿಮಿಷದಿಂದ ಒಂದು ಗಂಟೆಯೊಳಗೆ ಕಾಣಿಸಿಕೊಳ್ಳುತ್ತವೆ. ರೋಗಿಯನ್ನು ನಡೆಸಬೇಡಿ. ಅಂಗಾತ ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕಿಡಿ, ಉಸಿರಾಟಕ್ಕೆ ಕಷ್ಟವಾದರೆ ಒರಗಿ ಕೂರಿಸಿ. ಪ್ರಜ್ಞೆ ಇಲ್ಲದಿದ್ದರೆ ಬದಿಗೆ ವಾಲಿಸಿ ಮಲಗಿಸಿ. ಇದಕ್ಕೆ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್. ಅಂಗಡಿಯಲ್ಲಿ ಸಿಗುವ ಅಲರ್ಜಿ ಮಾತ್ರೆಯನ್ನು ನಂಬಿ ಕೂರಬೇಡಿ.

ಇನ್ನೂ ಮೂರು ಸಂದರ್ಭಗಳಲ್ಲಿ ಆರಾಮ ಇದ್ದ ಹಾಗೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಒಂದು, ಬಾಯಿಯೊಳಗೆ, ಗಂಟಲಿಗೆ, ಕಣ್ಣಿಗೆ ಕಚ್ಚಿದಾಗ. ಎರಡು, ಹತ್ತಾರು ಕಡೆ ಕಚ್ಚಿದಾಗ. ಹೆಚ್ಚು ವಿಷ ಮೈಗೆ ಸೇರಿದರೆ ಒಂದೆರಡು ದಿನ ಬಿಟ್ಟು ಮೂತ್ರಪಿಂಡಕ್ಕೆ ತೊಂದರೆ ಆಗಬಹುದು. ಮೂತ್ರ ಕಡಿಮೆಯಾದರೆ, ಚಹಾದ ಬಣ್ಣಕ್ಕೆ ತಿರುಗಿದರೆ ತಡ ಮಾಡಬೇಡಿ. ಮೂರು, ಸಣ್ಣ ಮಕ್ಕಳಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ಹಲವು ಕಡೆ ಕಚ್ಚಿದಾಗ. ಹಾವಿನ ವಿಷಕ್ಕೆ ಇದ್ದ ಹಾಗೆ ಇದಕ್ಕೆ ಪ್ರತಿವಿಷದ ಇಂಜೆಕ್ಷನ್ ನಮ್ಮಲ್ಲಿ ಇಲ್ಲ. ಬೇಗ ತಲುಪುವುದೇ ಮದ್ದು.

ಮುಂದಿನ ಸಭೆಯಲ್ಲಿ ಮಾತಾಡಿ

1. ನಮ್ಮ ನಮ್ಮ ಮನೆ, ಕೊಟ್ಟಿಗೆ, ಬಾವಿಕಟ್ಟೆಯ ಸುತ್ತ ಯಾವ ಯಾವ ಗೂಡುಗಳಿವೆ? ಜೇನು ಎಷ್ಟು, ಕಣಜ ಎಷ್ಟು? ಒಂದು ವಾರ ನೋಡಿ ಬಂದು ಹೇಳಿ.

2. ಅಂಗನವಾಡಿ, ಶಾಲೆ, ಮಕ್ಕಳು ನಡೆಯುವ ದಾರಿಯಲ್ಲಿ ಹೆಜ್ಜೇನು ಅಥವಾ ದೊಡ್ಡ ಕಣಜ ಇದೆಯೇ? ಯಾರಿಗೆ ತಿಳಿಸುವುದು?

3. ನಮ್ಮ ಊರಲ್ಲಿ ಜೇನು ಸಾಕುವವರು ಯಾರು? ಅವರನ್ನು ಒಂದು ದಿನ ಸಭೆಗೆ ಕರೆಯೋಣವೇ?

4. ಹಿಂದೆ ಕಡಿತದಿಂದ ಮೈಯೆಲ್ಲಾ ದದ್ದು ಎದ್ದವರು, ಉಸಿರು ಕಟ್ಟಿದವರು ನಮ್ಮ ಸಂಘದಲ್ಲಿ ಇದ್ದಾರೆಯೇ? ಅವರು ವೈದ್ಯರಿಗೆ ಇದನ್ನು ಹೇಳಿದ್ದಾರೆಯೇ? ತುರ್ತಿಗೆ ಸಿಗುವ ರಿಕ್ಷಾ, ಜೀಪಿನವರ ನಂಬರು ಎಲ್ಲರ ಹತ್ತಿರ ಉಂಟೇ?

ಗೋಡೆ ಸುಟ್ಟ ಆ ಸದಸ್ಯೆ ಸಭೆ ಮುಗಿದು ಏಳುವಾಗ ಒಂದು ಮಾತು ಹೇಳಿದರು: "ನಾನು ಒಂದು ದಿನ ಬೆಳಕಲ್ಲಿ ನಿಂತು ನೋಡಿದ್ರೆ ಸಾಕಿತ್ತು, ಕಾಲಲ್ಲಿ ಹಳದಿ ಉಂಡೆ ಕಾಣ್ತಿತ್ತು." ನಮಗೂ ಅಷ್ಟೇ ಸಾಕು. ಸೀಮೆಎಣ್ಣೆಯ ಬಾಟ್ಲಿಗೆ ಕೈ ಹಾಕುವ ಮೊದಲು ಒಂದು ದಿನ ಹಗಲು ಹೊತ್ತಿನಲ್ಲಿ ದೂರ ನಿಂತು ನೋಡೋಣ.